ಲೈನ್ ಮನೆ ಮಕ್ಕಳಿಗೆ ಕ್ರಿಸ್‌ಮಸ್ ಉಡುಗೊರೆ: 41 ಮಕ್ಕಳು, ತಲೆಗೆ 100 ರೂಪಾಯಿ. ಏನು ಕೊಡೋಣ?

ಸುಂಟಿಕೊಪ್ಪ ಟೀಚರ್ · ಡಿಸೆಂಬರ್ 2, ರಾತ್ರಿ 9:14

ಎಲ್ಲರಿಗೂ ನಮಸ್ಕಾರ. ನಮ್ಮ ಚರ್ಚಿನ ಯುವಕರ ಗುಂಪು ಪ್ರತಿ ವರ್ಷ ಕ್ಯಾರಲ್ಸ್ ಹಾಡುತ್ತಾ ಸುತ್ತಲಿನ ಮೂರು ಕಾಫಿ ತೋಟಗಳ ಲೈನ್ ಮನೆಗಳಿಗೆ, ಅಂದರೆ ಕೂಲಿಯವರ ಸಾಲು ಮನೆಗಳಿಗೆ, ಹೋಗುತ್ತದೆ. ಹೋದಾಗ ಮಕ್ಕಳ ಕೈಗೆ ಒಂದು ಪುಟ್ಟ ಉಡುಗೊರೆ ಕೊಡುವುದು ರೂಢಿ. ಕ್ರೈಸ್ತ ಮಕ್ಕಳಿಗೆ ಮಾತ್ರ ಅಲ್ಲ, ಲೈನಿನಲ್ಲಿರುವ ಎಲ್ಲರಿಗೂ. ಈ ಸಲ ಎಣಿಸಿದರೆ 41 ಮಕ್ಕಳು. ಎಲ್ಲರಿಗಿಂತ ಚಿಕ್ಕದಕ್ಕೆ 7 ತಿಂಗಳು, ದೊಡ್ಡವನಿಗೆ 14 ವರ್ಷ. ಕೈಯಲ್ಲಿರುವುದು 4,100 ರೂಪಾಯಿ.

ಹೋದ ವರ್ಷ ಸುಲಭ ಆಗಲಿ ಅಂತ ಎಲ್ಲರಿಗೂ ಒಂದೇ ಥರ ಮಿಣುಕುವ ಸಾಂಟಾ ಬ್ಯಾಡ್ಜ್ ಕೊಟ್ಟೆವು. ಸಗಟಿನಲ್ಲಿ ಒಂದಕ್ಕೆ 22 ರೂಪಾಯಿ. ಮಕ್ಕಳು ಕುಣಿದಾಡಿದರು. ಮೂರನೇ ದಿನ ಒಬ್ಬ ತಾಯಿ ಬ್ಯಾಡ್ಜ್ ಹಿಡಿದುಕೊಂಡು ನಮ್ಮ ಮನೆ ಬಾಗಿಲಿಗೆ ಬಂದಳು. ಹಿಂದಿನ ಮುಚ್ಚಳ ಕಿತ್ತು ಬಂದಿತ್ತು. ಒಳಗಿನ ಬಟನ್ ಸೆಲ್ ಇರಲಿಲ್ಲ. ಅವಳ ಕಿರಿಯ ಮಗುವಿಗೆ ಒಂದೂವರೆ ವರ್ಷ.

ಇಬ್ಬರೂ ಓಡಿಹೋಗಿ ಚಾಪೆ ಕೊಡವಿ, ಪಾತ್ರೆ ಸರಿಸಿ, ಮೂಲೆ ಮೂಲೆ ಹುಡುಕಿದೆವು. ಕೊನೆಗೆ ಸೌದೆ ರಾಶಿಯ ಹಿಂದೆ ಸಿಕ್ಕಿತು. ಆ ಅರ್ಧ ಗಂಟೆ ನನಗೆ ಇವತ್ತಿಗೂ ಕನಸಿನಲ್ಲಿ ಬರುತ್ತದೆ.

ಹಾಗಾಗಿ ಈ ಸಲ ಮೊದಲೇ ಕೇಳುತ್ತಿದ್ದೇನೆ. ಯಾವ ವಯಸ್ಸಿಗೆ ಏನು ಕೊಡಬಹುದು? ಏನು ಬೇಡವೇ ಬೇಡ?

ಎಸ್ಟೇಟ್ ರೈಟರ್ · ಡಿಸೆಂಬರ್ 2, ರಾತ್ರಿ 9:40

ಟೀಚರ್, ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. 41 ಟೆನಿಸ್ ಬಾಲ್ ತಗೊಳ್ಳಿ, ಕೆಲಸ ಮುಗೀತು. ನಾವೆಲ್ಲ ಜಾತ್ರೆ ಆಟಿಕೆಯನ್ನ ಬಾಯಿಗೆ ಹಾಕಿಕೊಂಡೇ ಬೆಳೆದವರು. ಏನಾಗಿದೆ ಈಗ?

ಮಡಿಕೇರಿ ಮಂಜು · ಡಿಸೆಂಬರ್ 2, ರಾತ್ರಿ 9:52

ರೈಟರ್ ಅಣ್ಣ, ಏನೂ ಆಗದವರು ಮಾತ್ರ ಇಲ್ಲಿ ಬಂದು ಬರೆಯಲು ಉಳಿದಿರುತ್ತಾರೆ ಅಲ್ವಾ?

ನರ್ಸಕ್ಕ · ಡಿಸೆಂಬರ್ 2, ರಾತ್ರಿ 11:05

ಡ್ಯೂಟಿ ಮುಗಿಸಿ ಈಗ ನೋಡಿದೆ. ಟೀಚರ್, ನೀವು ಹುಡುಕಿದ್ದು ಒಳ್ಳೆಯದೇ ಆಯಿತು. ಆದರೆ ಸೆಲ್ ಸಿಗದೇ ಇದ್ದಿದ್ದರೆ ಅರ್ಧ ಗಂಟೆ ಹುಡುಕುತ್ತಾ ಕೂರಬಾರದಿತ್ತು. ಮಗುವನ್ನ ಎತ್ತಿಕೊಂಡು ನೇರ ಎಕ್ಸ್-ರೇ ಇರುವ ಆಸ್ಪತ್ರೆಗೆ ಹೋಗಬೇಕಿತ್ತು. ಬೈಯುತ್ತಿಲ್ಲ. ಯಾಕೆ ಅಂತ ಹೇಳುತ್ತೇನೆ.

ಇಂಥ ಬ್ಯಾಡ್ಜು, ಹಾಡುವ ಗ್ರೀಟಿಂಗ್ ಕಾರ್ಡು, ಮಿಣುಕುವ ಟೋಪಿ ಎಲ್ಲದರಲ್ಲೂ ಇರುವುದು ಬಟನ್ ಸೆಲ್. ಅದರಲ್ಲಿ ಸಿಆರ್ 2032 ಎಂಬುದು ತುಂಬಾ ಕೆಟ್ಟದ್ದು. ಆ ನಂಬರಿನಲ್ಲೇ ಅಳತೆ ಇದೆ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಪುಟ್ಟ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಳ್ಳಲು ಹೇಳಿ ಮಾಡಿಸಿದ ಅಳತೆ. ಸಿಕ್ಕಿಕೊಂಡರೆ ಒದ್ದೆ ಗೋಡೆಗೆ ತಾಗಿ ಕರೆಂಟ್ ಹರಿಯುತ್ತದೆ. ಅಲ್ಲೇ ಕಾಸ್ಟಿಕ್ ಸೋಡಾದಂಥ ಕ್ಷಾರ ಹುಟ್ಟುತ್ತದೆ. ಎರಡು ಗಂಟೆಯೊಳಗೆ ಒಳಗೆಲ್ಲ ಸುಟ್ಟ ಗಾಯ. ಸೆಲ್ ಒಡೆಯಬೇಕು, ಸೋರಬೇಕು ಅಂತೇನೂ ಇಲ್ಲ. ಟಾರ್ಚ್ ಉರಿಸಲಾಗದಷ್ಟು ಖಾಲಿಯಾದ ಸೆಲ್ ಕೂಡ ಸುಡುತ್ತದೆ.

ಈಗ ನಮ್ಮ ದಾರಿ ಲೆಕ್ಕ ಹಾಕಿ. ತೋಟದ ಒಳಗಿನ ಲೈನಿನಿಂದ ಜೀಪ್ ಸಿಗುವುದು ಯಾವಾಗ, ಮಂಜಿನಲ್ಲಿ ಮಡಿಕೇರಿ ಮುಟ್ಟುವುದು ಯಾವಾಗ? ಅಲ್ಲಿಂದ ಮುಂದಕ್ಕೆ ಮೈಸೂರಿಗೆ ಕಳಿಸಿದರೆ ಇನ್ನೂ 120 ಕಿಲೋಮೀಟರ್. ಪಟ್ಟಣದವರಿಗೆ ಇರುವ ಎರಡು ಗಂಟೆ ನಮಗಿಲ್ಲ. ಅದಕ್ಕೇ ಹೇಳುವುದು, ಬಟನ್ ಸೆಲ್ ಇರುವ ಯಾವುದನ್ನೂ ಲೈನಿಗೆ ಒಯ್ಯಬೇಡಿ. ದೊಡ್ಡ ಮಕ್ಕಳಿಗೂ ಬೇಡ.

ವಿರಾಜಪೇಟೆ ಅಮ್ಮ · ಡಿಸೆಂಬರ್ 3, ಬೆಳಿಗ್ಗೆ 6:20

ನುಂಗಿದ್ದು ಗೊತ್ತಾದರೆ ಮನೆಯಲ್ಲಿ ಏನಾದರೂ ಮಾಡಬಹುದಾ ಸಿಸ್ಟರ್? ಉಪ್ಪು ನೀರು ಕುಡಿಸಿ ವಾಂತಿ ಮಾಡಿಸುವುದು ನಮ್ಮ ಅತ್ತೆಯ ಕಾಲದ ಮದ್ದು.

ನರ್ಸಕ್ಕ · ಡಿಸೆಂಬರ್ 3, ಬೆಳಿಗ್ಗೆ 7:02

ವಾಂತಿ ಮಾಡಿಸಲೇಬೇಡಿ ಅಮ್ಮ. ಒಂದು ಮದ್ದು ಇದೆ, ಅದು ಕೊಡಗಿನ ಹೆಚ್ಚಿನ ಮನೆಗಳಲ್ಲಿ ಇರುತ್ತದೆ: ಜೇನುತುಪ್ಪ. ಮಗುವಿಗೆ ಒಂದು ವರ್ಷ ತುಂಬಿರಬೇಕು, ನುಂಗಲು ಆಗುತ್ತಿರಬೇಕು, ಸೆಲ್ ಹೋಗಿ 12 ಗಂಟೆ ಮೀರಿರಬಾರದು. ಹಾಗಿದ್ದರೆ 10 ನಿಮಿಷಕ್ಕೊಮ್ಮೆ ಎರಡು ಚಮಚ, ಅಂದರೆ 10 ಮಿಲಿಲೀಟರ್, ಹೆಚ್ಚೆಂದರೆ ಆರು ಸಲ. ಜೇನು ಸೆಲ್ಲಿನ ಸುತ್ತ ಪದರ ಕಟ್ಟಿ ಸುಡುವುದನ್ನ ನಿಧಾನ ಮಾಡುತ್ತದೆ, ಅಷ್ಟೇ. ಸೆಲ್ ತೆಗೆಯುವುದು ಡಾಕ್ಟರೇ. ಜೇನು ಕೊಡುವುದೇನಿದ್ದರೂ ಗಾಡಿಯಲ್ಲಿ ಕೂತು. ಮನೆಯಲ್ಲಿ ಜೇನಿಲ್ಲ ಅಂತ ಹುಡುಕಿಕೊಂಡು ಹೋಗಬೇಡಿ. ಬೇರೆ ತಿಂಡಿ, ನೀರು ಏನೂ ಬೇಡ. ಒಂದು ವರ್ಷದೊಳಗಿನ ಕೂಸಿಗೆ ಜೇನು ಯಾವತ್ತೂ ಕೊಡಬಾರದು, ಅದು ಬೇರೆಯೇ ಕಾಯಿಲೆಗೆ ದಾರಿ.

ಕುಶಾಲನಗರ ಫ್ಯಾನ್ಸಿ ಸ್ಟೋರ್ · ಡಿಸೆಂಬರ್ 3, ಮಧ್ಯಾಹ್ನ 2:30

ನಾನು ಮಾರುವವನು. ನನ್ನ ಮೇಲೆ ಕಲ್ಲು ಬೀಳುವ ಮುಂಚೆ ನಾನೇ ಮಾತಾಡುತ್ತೇನೆ.

2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಸಾದಾ ಆಟಿಕೆಗೆ ಐಎಸ್ 9873, ಸೆಲ್ ಅಥವಾ ಕರೆಂಟಿನದಕ್ಕೆ ಐಎಸ್ 15644. ಗುರುತಿನ ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರ್ ಇರುತ್ತದೆ. ಐಎಸ್‌ಐ ಗುರುತು ಕೊಡುವ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಆ್ಯಪಿನಲ್ಲಿ ಆ ನಂಬರ್ ಹಾಕಿದರೆ ಯಾವ ಕಂಪನಿ, ಲೈಸೆನ್ಸ್ ಜೀವಂತ ಇದೆಯಾ, ಎಲ್ಲ ಬರುತ್ತದೆ. ಬರೀ ಐಎಸ್‌ಐ ಚಿತ್ರ ಇದ್ದು ನಂಬರ್ ಇಲ್ಲ ಅಂದರೆ ಅನುಮಾನ ಪಡಿ. ಸಿಇ ಅಂತ ಬರೆದಿರುವುದು ನಮ್ಮ ದೇಶದ ಗುರುತಲ್ಲ. ಗಿರಾಕಿಗಳು ಅದನ್ನ ತೋರಿಸಿ "ಇದೆಯಲ್ಲಾ" ಅಂತಾರೆ.

ನಿಜ ಹೇಳಲಾ? 20-30 ರೂಪಾಯಿಗೆ ಬಿಡಿಬಿಡಿಯಾಗಿ ಸಂತೆಯಲ್ಲಿ ಸಿಗುವುದಕ್ಕೆ ಇದು ಯಾವುದೂ ಇರುವುದಿಲ್ಲ. ಪೊಟ್ಟಣವೇ ಇರಲ್ಲ, ಗುರುತು ಎಲ್ಲಿಂದ ಬರಬೇಕು?

ಕಿತ್ತಳೆ ತೋಟ · ಡಿಸೆಂಬರ್ 3, ಸಂಜೆ 5:15

ಹಾಗಾದರೆ ಐಎಸ್‌ಐ ಇದ್ದರೆ ಕಣ್ಣು ಮುಚ್ಚಿ ತಗೊಳ್ಳಬಹುದಾ?

ಕುಶಾಲನಗರ ಫ್ಯಾನ್ಸಿ ಸ್ಟೋರ್ · ಡಿಸೆಂಬರ್ 3, ಸಂಜೆ 5:48

ಇಲ್ಲ. ವಯಸ್ಸು ನೋಡಬೇಕು. ಕೆಂಪು ವೃತ್ತದಲ್ಲಿ ಮಗುವಿನ ಮುಖ, 0-3 ಅಂತ ಬರೆದು ಅಡ್ಡಗೆರೆ ಇದ್ದರೆ ಮೂರು ವರ್ಷದೊಳಗಿನವರಿಗೆ ಬೇಡ ಅಂತ. ನನ್ನ ಗಿರಾಕಿಗಳು ಅದನ್ನ "ಮಗು ಬುದ್ಧಿವಂತ ಆಗಿರಬೇಕು" ಅಂತ ಓದಿಕೊಳ್ಳುತ್ತಾರೆ. "ನಮ್ಮವನು ಎರಡೇ ವರ್ಷಕ್ಕೆ ಮೊಬೈಲ್ ಓಪನ್ ಮಾಡುತ್ತಾನೆ, ಕೊಡಿ" ಅಂತಾರೆ. ಬುದ್ಧಿಗೂ ಗಂಟಲಿಗೂ ಏನು ಸಂಬಂಧ ಹೇಳಿ.

ನರ್ಸಕ್ಕ · ಡಿಸೆಂಬರ್ 3, ರಾತ್ರಿ 10:20

ಸ್ಟೋರ್ ಅಣ್ಣ ಹೇಳಿದ ಗಂಟಲಿಗೆ ಒಂದು ಅಳತೆಯೇ ಇದೆ. ಆಟಿಕೆ ಪರೀಕ್ಷೆ ಮಾಡುವವರು ಒಂದು ಸಣ್ಣ ಕೊಳವೆ ಇಟ್ಟುಕೊಂಡಿರುತ್ತಾರೆ. ಒಳ ಅಗಲ 31.7 ಮಿಲಿಮೀಟರ್. ಆಳ ಒಂದು ಕಡೆ 25, ಇನ್ನೊಂದು ಕಡೆ 57, ಅಂದರೆ ತಳ ಓರೆ. ಆಟಿಕೆಯ ಯಾವ ಭಾಗ ಅದರೊಳಗೆ ಪೂರ್ತಿ ಇಳಿದು ಕೂರುತ್ತದೋ ಅದು ಮೂರು ವರ್ಷದೊಳಗಿನವರಿಗೆ ಆಗದು.

ಮನೆಯಲ್ಲೇ ಮಾಡಬಹುದು. ಹತ್ತು ರೂಪಾಯಿ ನಾಣ್ಯ 27 ಮಿಲಿಮೀಟರ್ ಅಗಲ. ಅದಕ್ಕಿಂತ ಬೆರಳಿನ ಉಗುರಷ್ಟು ಸಡಿಲವಾಗಿ, ಸ್ಕೇಲಿನಲ್ಲಿ 32 ಮಿಲಿಮೀಟರ್ ನೋಡಿಕೊಂಡು ಹಳೆ ಕ್ಯಾಲೆಂಡರ್ ರಟ್ಟನ್ನ ಸುರುಳಿ ಸುತ್ತಿ ಟೇಪ್ ಹಾಕಿ. ಚೆಂಡಿಗೆ ಮಾತ್ರ ಇದು ಸಾಲದು. ಚೆಂಡು ಉರುಳಿ ಹೋಗಿ ಗಂಟಲನ್ನ ಮುಚ್ಚಳದ ಥರ ಮುಚ್ಚುತ್ತದೆ. ಚಿಕ್ಕವರ ಚೆಂಡು ನಾಲ್ಕೂವರೆ ಸೆಂಟಿಮೀಟರಿಗಿಂತ ದೊಡ್ಡದಿರಲಿ. ರೈಟರ್ ಅಣ್ಣನ ಟೆನಿಸ್ ಬಾಲ್ ಆರೂವರೆ ಸೆಂಟಿಮೀಟರ್ ಇರುತ್ತದೆ, ಆ ಮಟ್ಟಿಗೆ ಅಣ್ಣ ಪಾಸ್.

ಎಸ್ಟೇಟ್ ರೈಟರ್ · ಡಿಸೆಂಬರ್ 3, ರಾತ್ರಿ 10:31

ಎಸ್ಸೆಸ್ಸೆಲ್ಸಿ ಆದ ಮೇಲೆ ಇದೇ ಮೊದಲು ಪಾಸಾಗಿದ್ದು.

ನಾಪೋಕ್ಲು ತಾತ · ಡಿಸೆಂಬರ್ 4, ಬೆಳಿಗ್ಗೆ 8:10

ಹುಡುಗರು ಎಲ್ಲರೂ ಕೇಳುವುದು ಗುಂಡು ಹಾರಿಸುವ ಪ್ಲಾಸ್ಟಿಕ್ ಕೋವಿ. ಹಳದಿ ಮಣಿಯಂಥ ಗುಂಡು ಬರುತ್ತದಲ್ಲ, ಅದು. ನಮ್ಮ ಕಡೆ ಕೋವಿ ಅಂದರೆ ದೇವರ ಸಮಾನ. ನಮ್ಮ ಆಯುಧಪೂಜೆಯಾದ ಕೈಲ್‌ಪೊಳ್ದ್ ದಿನ ತೋಕ್‌ಪೂವು (ಕೋವಿ ಹೂವು) ಇಟ್ಟು ಪೂಜೆ ಮಾಡುತ್ತೇವೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು ಹಾರಿಸಿ ಊರಿಗೆ ತಿಳಿಸುತ್ತಿದ್ದರು. ಹಾಗಿದ್ದೂ ಹೇಳುತ್ತೇನೆ, ಆ ಆಟಿಕೆ ಬೇಡ. ನನ್ನ ಅಪ್ಪ ಕೋವಿ ಕೈಗೆ ಕೊಡುವ ಮುಂಚೆ ಕಲಿಸಿದ ಮೊದಲ ಪಾಠ, ಖಾಲಿ ಇದ್ದರೂ ಮನುಷ್ಯನ ಕಡೆ ಹಿಡಿಯಬಾರದು ಅಂತ. ಈ ಆಟಿಕೆಯಲ್ಲಿ ಮೊದಲ ಆಟವೇ ಮನುಷ್ಯನಿಗೆ ಹೊಡೆಯುವುದು. ನನ್ನ ಮೊಮ್ಮಗನ ಕಣ್ಣಿನ ಪಕ್ಕ ತಾಗಿತು. ಒಂದು ಬೆರಳು ಆಚೆ ಆಗಿದ್ದರೆ ಕಣ್ಣೇ ಹೋಗುತ್ತಿತ್ತು.

ನರ್ಸಕ್ಕ · ಡಿಸೆಂಬರ್ 4, ಬೆಳಿಗ್ಗೆ 8:45

ತಾತ ಹೇಳಿದ್ದಕ್ಕೆ ನನ್ನದೂ ಒಂದು ಮಾತು. ಆ ಗುಂಡು 6 ಮಿಲಿಮೀಟರ್. ಮೂಗಿಗೆ, ಕಿವಿಗೆ ಸರಿಯಾಗಿ ಹೊಂದುತ್ತದೆ.

ಕಿತ್ತಳೆ ತೋಟ · ಡಿಸೆಂಬರ್ 4, ಮಧ್ಯಾಹ್ನ 1:00

ಬೇಡದ ಪಟ್ಟಿಗೆ ಇನ್ನೆರಡು ಸೇರಿಸಿ. ಒಂದು, ಗುಂಡು ಗುಂಡಗಿನ ಪುಟ್ಟ ಅಯಸ್ಕಾಂತದ ಸೆಟ್. ಮಗು ಎರಡು ನುಂಗಿದರೆ ಕರುಳಿನ ಎರಡು ಮಡಿಕೆಯಲ್ಲಿ ಒಂದನ್ನೊಂದು ಎಳೆದುಕೊಂಡು ನಡುವಿನ ಕರುಳನ್ನ ತೂತು ಮಾಡುತ್ತವೆ. ಎರಡು, ನೀರಿಗೆ ಹಾಕಿದರೆ ಊದುವ ಬಣ್ಣದ ಮುತ್ತು. ಸಾಬಕ್ಕಿ ಕಾಳಿನಷ್ಟಿದ್ದದ್ದು ಗೋಲಿಯಷ್ಟಾಗುತ್ತದೆ. ಹೊಟ್ಟೆಯೊಳಗೂ ನೀರೇ ತಾನೆ ಇರುವುದು. ನನ್ನ ತಂಗಿ ಮಗಳಿಗೆ ಯಾರೋ ಬರ್ತ್‌ಡೇಗೆ ಕೊಟ್ಟಿದ್ದರು. ಪೊಟ್ಟಣ ಸಮೇತ ಗುಂಡಿ ತೋಡಿ ಹೂತೆವು. ಮಳೆಗಾಲದಲ್ಲಿ ಏನಾಯಿತೋ!

ನರ್ಸಕ್ಕ · ಡಿಸೆಂಬರ್ 4, ಮಧ್ಯಾಹ್ನ 1:40

ಆ ಮುತ್ತು ಎಕ್ಸ್-ರೇಯಲ್ಲಿ ಕಾಣುವುದೂ ಇಲ್ಲ. ಇನ್ನೊಂದು ಮರೆಯಬೇಡಿ, ಕಾರ್ಯಕ್ರಮಕ್ಕೆ ಬಲೂನ್ ಕಟ್ಟುತ್ತೀರಲ್ಲ? ಒಡೆದ ಚೂರು, ಊದದ ಬಲೂನು ಎಂಟು ವರ್ಷದ ತನಕವೂ ಅಪಾಯ. ರಬ್ಬರ್ ಗಂಟಲಿಗೆ ಅಂಟಿಕೊಂಡರೆ ಬೆನ್ನಿಗೆ ಹೊಡೆದರೂ ಸುಲಭಕ್ಕೆ ಬರುವುದಿಲ್ಲ. ಕಾಗದದ ನಕ್ಷತ್ರ ಕಟ್ಟಿ ಸಾಕು.

ವಿರಾಜಪೇಟೆ ಅಮ್ಮ · ಡಿಸೆಂಬರ್ 4, ಸಂಜೆ 6:30

ಆಟಿಕೆ ಬಿಟ್ಟು ತಿಂಡಿ ಕೊಟ್ಟರೆ? ನಮ್ಮ ಸಂತ ಅನ್ನಮ್ಮ ಚರ್ಚಿನ ಕಡೆ ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿಗಳನ್ನ, ಹಂಚುವುದು ಹಿಂದಿನಿಂದ ಬಂದದ್ದು. ಚರ್ಚೇ 1792ರದ್ದು, ಕುಸ್ವಾರ್ ಅದಕ್ಕಿಂತ ಹಳೆಯದಿರಬೇಕು ಅಂತ ನಮ್ಮ ಮನೆಯವರ ತಮಾಷೆ. ನೆವ್ರಿ, ಕಿಡಿಯೊ, ರೋಸ್ ಕುಕ್ಕಿ ಹಾಕಿ ಒಂದೊಂದು ಪೊಟ್ಟಣ. ಜೊತೆಗೆ ಮಡಿಕೇರಿಯ ಹೋಮ್‌ಮೇಡ್ ಚಾಕೊಲೇಟ್ ಎರಡೆರಡು.

ನರ್ಸಕ್ಕ · ಡಿಸೆಂಬರ್ 4, ರಾತ್ರಿ 9:50

ಅಮ್ಮ, ನಿಮ್ಮ ನೆವ್ರಿಗೆ ನಾನು ಅಡ್ಡ ಬರುವುದಿಲ್ಲ. ಆದರೆ ನಮ್ಮೂರ ಚಾಕೊಲೇಟಿನಲ್ಲಿ ಗೋಡಂಬಿ, ಬಾದಾಮಿ, ಒಣದ್ರಾಕ್ಷಿ ಇಡಿಯಾಗಿ ಇರುತ್ತದೆ. ನಾಲ್ಕು ವರ್ಷದೊಳಗಿನವರಿಗೆ ಇಡೀ ಬೀಜ, ಗಟ್ಟಿ ಮಿಠಾಯಿ ಬೇಡ. ಕಡಲೆಬೀಜ ಶ್ವಾಸನಾಳಕ್ಕೆ ಹೋಗಿ ಬಂದ ಮಕ್ಕಳನ್ನ ನೋಡಿದ್ದೇನೆ. ಕಿಡಿಯೊ ಕೂಡ ಗಟ್ಟಿ. ಚಿಕ್ಕವರಿಗೆ ಮೆತ್ತಗಿನ ಕೇಕ್ ತುಂಡು ಕೊಡಿ, ರಮ್ಮಿನಲ್ಲಿ ನೆನೆಸಿದ್ದಲ್ಲ!

ಗಂಟಲಿಗೆ ಸಿಕ್ಕಿಕೊಂಡು ಮಗು ಕೆಮ್ಮಲೂ ಅಳಲೂ ಆಗದೆ ಒದ್ದಾಡಿದರೆ: ಒಂದು ವರ್ಷದೊಳಗಿನದಾದರೆ ಮುಖ ಕೆಳಗೆ ಮಾಡಿ ತೋಳಿನ ಮೇಲೆ ಮಲಗಿಸಿ ಬೆನ್ನಿನ ಮೇಲೆ ಐದು ಪೆಟ್ಟು. ಹೋಗದಿದ್ದರೆ ತಿರುಗಿಸಿ ಎದೆ ನಡುವೆ ಒಂದು ಕೈಯ ಅಂಗೈ ಬುಡದಿಂದ ಐದು ಸಲ ಒತ್ತಿ. ದೊಡ್ಡ ಮಗುವಾದರೆ ಬೆನ್ನಿಗೆ ಐದು, ಆಮೇಲೆ ಹಿಂದಿನಿಂದ ತಬ್ಬಿ ಹೊಕ್ಕುಳಿಗಿಂತ ಸ್ವಲ್ಪ ಮೇಲ್ಗಡೆ ಒಳಕ್ಕೂ ಮೇಲಕ್ಕೂ ಐದು ಸಲ ಒತ್ತಿ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಕಾಣದೆ ಬಾಯಿಗೆ ಬೆರಳು ಹಾಕಿ ತಡಕಾಡಬೇಡಿ, ಇನ್ನೂ ಒಳಕ್ಕೆ ಹೋಗುತ್ತದೆ.

ಸುಂಟಿಕೊಪ್ಪ ಟೀಚರ್ · ಡಿಸೆಂಬರ್ 5, ಬೆಳಿಗ್ಗೆ 6:05

ಎಲ್ಲ ಓದಿದೆ. ರಾತ್ರಿ ಕೂತು ಮಕ್ಕಳ ಪಟ್ಟಿಯನ್ನ ವಯಸ್ಸಿನ ಪ್ರಕಾರ ಬರೆಯಲು ಶುರು ಮಾಡಿದೆ. ಅರ್ಧಕ್ಕೆ ನಿಲ್ಲಿಸಿ ಹರಿದು ಹಾಕಿದೆ. ಹೋದ ವರ್ಷ ಮುಚ್ಚಳ ಕಿತ್ತು ಬಂದ ಆ ಬ್ಯಾಡ್ಜ್ ಕೊಟ್ಟಿದ್ದು ಎಂಟು ವರ್ಷದ ಹುಡುಗನಿಗೆ. ಅವನ ವಯಸ್ಸಿಗೆ ತಕ್ಕದ್ದೇ. ಸೆಲ್ ಹೊರಗೆ ಬಿದ್ದಿದ್ದು ಅವನ ತಂಗಿ ಇರುವ ಮನೆಯಲ್ಲಿ.

ಲೈನಿನಲ್ಲಿ ಒಂದು ಕೋಣೆ, ಒಂದು ಅಡುಗೆ ಮೂಲೆ. ಯಾರ ಆಟಿಕೆಗೂ ಬೇರೆ ಜಾಗ ಇಲ್ಲ. ಈಗ ಅರೇಬಿಕಾ ಕೊಯ್ಲು. ತಂದೆ ತಾಯಿ ಬೆಳಿಗ್ಗೆಯೇ ತೋಟಕ್ಕೆ. ರಜೆಯಲ್ಲಿ ಚಿಕ್ಕವರನ್ನ ನೋಡಿಕೊಳ್ಳುವುದು ಒಂಬತ್ತು ಹತ್ತು ವರ್ಷದ ಅಕ್ಕಂದಿರು. ಹಾಗಾಗಿ ಪಟ್ಟಿಯನ್ನ ಮನೆ ಮನೆ ಲೆಕ್ಕದಲ್ಲಿ ಬರೆಯುತ್ತಿದ್ದೇನೆ. ಆ ಮನೆಯ ಅತಿ ಚಿಕ್ಕ ಮಗುವಿಗೆ ಆಗದ್ದು ಆ ಮನೆಗೆ ಹೋಗುವುದಿಲ್ಲ.

ಹಾಕಿ ಹುಚ್ಚ · ಡಿಸೆಂಬರ್ 5, ಬೆಳಿಗ್ಗೆ 9:30

ಟೀಚರ್, ಇದು ದೊಡ್ಡ ಮಕ್ಕಳಿಗೆ ಅನ್ಯಾಯ ಅಲ್ವಾ? ನಾನು ಮನೆಯಲ್ಲಿ ಹಿರಿಯವನು. ತಮ್ಮ ಹುಟ್ಟಿದ ಮೇಲೆ ನನಗೆ ಹಬ್ಬಕ್ಕೆ ಬಂದದ್ದೆಲ್ಲ ಬಟ್ಟೆ ಗೊಂಬೆ ಥರದ್ದೇ. 13 ವರ್ಷದ ಹುಡುಗನ ಕೈಗೆ ಮೆತ್ತಗಿನ ಚೆಂಡು ಕೊಟ್ಟರೆ ಅವನಿಗೆ ಹೇಗಾಗಬೇಡ?

ಸುಂಟಿಕೊಪ್ಪ ಟೀಚರ್ · ಡಿಸೆಂಬರ್ 5, ಮಧ್ಯಾಹ್ನ 1:15

ಇದು ನನಗೆ ಹೊಳೆದಿರಲಿಲ್ಲ. ನಿಜ. ಏನು ಕೊಡಬಹುದು ನೀವೇ ಹೇಳಿ.

ಹಾಕಿ ಹುಚ್ಚ · ಡಿಸೆಂಬರ್ 5, ಮಧ್ಯಾಹ್ನ 2:00

ನನ್ನನ್ನ ಕೇಳಿದರೆ ಎಲ್ಲರಿಗೂ ಹಾಕಿ ಸ್ಟಿಕ್ ಅಂತೀನಿ. 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಶುರುವಾದಾಗಿನಿಂದ ನಮ್ಮ ಮನೆಯಲ್ಲಿ ಬೇರೆ ಆಟ ಇಲ್ಲ. ಆದರೆ 100 ರೂಪಾಯಿಗೆ ಸ್ಟಿಕ್ ಬರಲ್ಲ, ಹಾಕಿ ಚೆಂಡು ಕಲ್ಲಿನಂತಿರುತ್ತದೆ, ಹಲ್ಲು ಉದುರುತ್ತದೆ. ಟಾರ್ಚ್ ಹೇಗೆ? ದೊಡ್ಡ ಪೆನ್‌ಸೆಲ್ ಎರಡು ಹಾಕುವುದು, ಮುಚ್ಚಳಕ್ಕೆ ಸ್ಕ್ರೂ ಇರುವುದು. ತೋಟದಲ್ಲಿ ಕರೆಂಟ್ ಹೋಗುವುದು ಮಾಮೂಲು. ರಾತ್ರಿ ಹೊರಗೆ ಹೋಗಲು ಬೇಕೇ ಬೇಕು. ಮನೆಯಲ್ಲಿ ಟಾರ್ಚ್ ಇಟ್ಟುಕೊಂಡವನಿಗೆ ಒಂದು ಗತ್ತು ಇರುತ್ತದೆ.

ಮಡಿಕೇರಿ ಮಂಜು · ಡಿಸೆಂಬರ್ 5, ಸಂಜೆ 7:20

ನಾನು 12ಕ್ಕೆ ಬೆಂಗಳೂರಿಂದ ಬರುತ್ತೇನೆ. ಚನ್ನಪಟ್ಟಣದಲ್ಲಿ ಇಳಿದು ಕೂಸುಗಳಿಗೆ ಗಿಲಕಿ ತರಲಾ? ಹಾಲೆ ಮರ, ಅರಗಿನ ಬಣ್ಣ, ಬಾಯಿಗೆ ಹಾಕಿದರೂ ಚಿಂತೆ ಇಲ್ಲ ಅಂತಾರೆ.

ಕುಶಾಲನಗರ ಫ್ಯಾನ್ಸಿ ಸ್ಟೋರ್ · ಡಿಸೆಂಬರ್ 5, ಸಂಜೆ 7:55

ಒಳ್ಳೆಯದು ಮಂಜು. ಆದರೆ ಹೈವೇ ಬದಿಯಲ್ಲಿ ಇರುವುದೆಲ್ಲ ಚನ್ನಪಟ್ಟಣದ್ದಲ್ಲ. ಅರಗಿನ ಹೊಳಪಿನ ಬದಲು ಸಾದಾ ಪೇಂಟ್ ಬಳಿದದ್ದೂ ಜೊತೆಗೇ ನೇತಾಡುತ್ತಿರುತ್ತದೆ. ಉಗುರಲ್ಲಿ ಕೆರೆದು ನೋಡಿ, ಪದರ ಏಳುತ್ತಿದ್ದರೆ ಬಿಡಿ. ಗಿಲಕಿಯ ಹಿಡಿ ಬಾಯಿಯ ಆಳಕ್ಕೆ ಹೋಗುವಷ್ಟು ಸಣ್ಣ ಇರಬಾರದು. ಬುಗುರಿ ತರಬೇಡಿ, ಮೊಳೆ ಇರುತ್ತದೆ.

ವಿರಾಜಪೇಟೆ ಅಮ್ಮ · ಡಿಸೆಂಬರ್ 6, ಬೆಳಿಗ್ಗೆ 6:15

ನಮ್ಮ ಟೈಲರ್ ಹತ್ತಿರ ಕತ್ತರಿಸಿ ಉಳಿದ ಬಟ್ಟೆ ಚೂರು ಮೂಟೆಗಟ್ಟಲೆ ಇದೆ. ಬಟ್ಟೆ ಚೆಂಡು ಹೊಲಿಸುತ್ತೇನೆ. ಒಳಗೂ ಬಟ್ಟೆಯೇ. ಥರ್ಮಾಕೋಲ್ ಕಾಳು, ಬೀಜ ಏನೂ ಇಲ್ಲ. ಗುಂಡಿ ಹಚ್ಚುವುದಿಲ್ಲ, ಕಣ್ಣು ಮೂಗು ದಾರದಲ್ಲೇ. ಒಂದಕ್ಕೆ 35 ರೂಪಾಯಿ ಅಂದ. ಸಿಸ್ಟರ್, ಎಷ್ಟು ದೊಡ್ಡದು?

ನರ್ಸಕ್ಕ · ಡಿಸೆಂಬರ್ 6, ಬೆಳಿಗ್ಗೆ 6:50

ದೊಡ್ಡ ಕಿತ್ತಳೆಯಷ್ಟು. ಹೊಲಿಗೆ ಎರಡು ಸುತ್ತು.

ಸುಂಟಿಕೊಪ್ಪ ಟೀಚರ್ · ಡಿಸೆಂಬರ್ 14, ರಾತ್ರಿ 9:30

ಶುಕ್ರವಾರದ ಮಡಿಕೇರಿ ಸಂತೆಗೂ ಹೋದೆ, ಅಂಗಡಿಗಳಿಗೂ ಹೋದೆ. ಲೆಕ್ಕ ಇಲ್ಲಿದೆ.

ಒಂದು ವರ್ಷದೊಳಗಿನವರು 3. ಉಲ್ಲನ್ ಟೋಪಿ, 90 ರೂಪಾಯಿ. ಮೇಲೆ ಕುಚ್ಚು ಇರುವುದನ್ನ, ಕೊರಳಿಗೆ ಕಟ್ಟುವ ದಾರ ಇರುವುದನ್ನ ಬಿಟ್ಟೆ. ಮಲಗಿಸುವಾಗ ತೆಗೆಯಲು ತಾಯಂದಿರಿಗೆ ಹೇಳುತ್ತೇನೆ. ಗಿಲಕಿ ಮಂಜು ಕಡೆಯಿಂದ ಉಚಿತ. ಥ್ಯಾಂಕ್ಸ್ ಮಂಜು. ಮೂರೂ ಕೊಳವೆ ಪರೀಕ್ಷೆ ಪಾಸ್.

ಒಂದರಿಂದ ಮೂರರವರು 8. ಅಮ್ಮನ ಚೆಂಡು 35, ದಪ್ಪ ರಟ್ಟಿನ ಚಿತ್ರ ಪುಸ್ತಕ 60.

ಮೂರರಿಂದ ಆರು, 9 ಮಕ್ಕಳು. ಜಂಬೋ ಕ್ರೇಯಾನ್ 45, ಪ್ರಥಮ್ ಬುಕ್ಸ್‌ನ ಕನ್ನಡ ಕತೆ ಪುಸ್ತಕ 40. ಮನೆಯಲ್ಲಿ ಕೂಸು ಇದ್ದರೆ ಕ್ರೇಯಾನ್ ಬದಲು ಇನ್ನೊಂದು ಪುಸ್ತಕ. ಅಸ್ಸಾಮಿನಿಂದ ಬಂದ ಕುಟುಂಬಗಳ ಮಕ್ಕಳೂ ಇದ್ದಾರೆ, ನಮ್ಮ ಶಾಲೆಯಲ್ಲೇ ಕನ್ನಡ ಓದುತ್ತಾರೆ, ಮನೆಯಲ್ಲಿ ಅಮ್ಮನಿಗೆ ಓದಿ ಹೇಳುತ್ತಾರೆ.

ಆರರಿಂದ ಹತ್ತು, 12 ಜನ. ಟೆನಿಸ್ ಬಾಲ್ 45, ಬಣ್ಣದ ಪೆನ್ಸಿಲ್ 50. ಚೌಕಾಬಾರ ಕೊಡುವ ಆಸೆ ಇತ್ತು. ಕವಡೆ ಕೊಳವೆಯೊಳಗೆ ಸುಮ್ನೆ ಜಾರಿ ಹೋಯಿತು. ಬಿಟ್ಟೆ.

ಹತ್ತರ ಮೇಲೆ 9 ಜನ. ಟಾರ್ಚ್ 120. ಸ್ವಲ್ಪ ಜಾಸ್ತಿ ಆಯಿತು, ಆದರೆ ಹಾಕಿಯಣ್ಣನ ಮಾತು ಮನಸ್ಸಿಗೆ ತಾಗಿತ್ತು.

ಒಟ್ಟು 4,015. ಉಳಿದ 85ಕ್ಕೆ ಸುತ್ತುವ ಕಾಗದ. ಪ್ಲಾಸ್ಟಿಕ್ ಚೀಲ ಬಳಸಲಿಲ್ಲ, ಸ್ಟೇಪ್ಲರ್ ಪಿನ್ ಹೊಡೆಯಲಿಲ್ಲ. ಓದಲು ಬಾರದ ತಾಯಂದಿರು ಇರುವುದರಿಂದ ಪೆನ್ಸಿಲ್ ಪೊಟ್ಟಣದ ಮೇಲೆ ಕೂಸಿನ ಚಿತ್ರ ಬರೆದು ಅಡ್ಡಗೆರೆ ಎಳೆದಿದ್ದೇನೆ. ನನ್ನ ಚಿತ್ರ ಕೂಸಿಗಿಂತ ಆಲೂಗಡ್ಡೆ ಥರ ಇದೆ.

ನರ್ಸಕ್ಕ · ಡಿಸೆಂಬರ್ 14, ರಾತ್ರಿ 10:45

ಟಾರ್ಚಿನ ಸ್ಕ್ರೂ ಕೊಡುವ ಮುಂಚೆ ಒಮ್ಮೆ ಬಿಗಿ ಮಾಡಿ. ಕಾರ್ಖಾನೆಯಿಂದಲೇ ಸಡಿಲ ಬಂದಿರುತ್ತದೆ.

ಸುಂಟಿಕೊಪ್ಪ ಟೀಚರ್ · ಡಿಸೆಂಬರ್ 26, ಮಧ್ಯಾಹ್ನ 12:10

ಹಂಚಿದೆವು. 9ರಲ್ಲಿ 4 ಟಾರ್ಚಿನ ಸ್ಕ್ರೂ ಸಡಿಲವೇ ಇತ್ತು ಸಿಸ್ಟರ್! ಬ್ಯಾಡ್ಜ್ ವಾಪಸ್ ತಂದ ತಾಯಿಗೆ ರಟ್ಟಿನ ಕೊಳವೆ ಒಂದು ಕೊಟ್ಟು ಹೇಗೆ ನೋಡಬೇಕು ಅಂತ ತೋರಿಸಿದೆ. ಅವಳು ಅದನ್ನ ಹಿಡಿದುಕೊಂಡು ಪಕ್ಕದ ಮನೆಗೆ ಹೋದಳು, ಅಲ್ಲಿಂದ ಅದರಾಚೆ ಮನೆಗೆ. ಸಂಜೆ ಹೊತ್ತಿಗೆ ಲೈನಿನ ಮಕ್ಕಳೆಲ್ಲ ಗೋಲಿ, ಗುಂಡಿ, ಪೆನ್ ಮುಚ್ಚಳ ಎಲ್ಲ ತಂದು ಕೊಳವೆಗೆ ಹಾಕಿ ನೋಡುವುದೇ ಆಟ. ಒಂದು ಅಗರಬತ್ತಿ ಡಬ್ಬಿ ತುಂಬ ಬೇಡದ ಸಾಮಾನು ಸೇರಿತ್ತು, ಅಟ್ಟಕ್ಕೆ ಹಾಕಿಸಿ ಬಂದೆ.

ಎಸ್ಟೇಟ್ ರೈಟರ್ · ಡಿಸೆಂಬರ್ 26, ಸಂಜೆ 6:40

ಟೆನಿಸ್ ಬಾಲ್ 5 ನನ್ನ ಕ್ವಾರ್ಟರ್ಸ್ ಹೆಂಚಿನ ಮೇಲಿವೆ. ಎರಡು ಹೆಂಚು ಒಡೆದಿವೆ. ಐಡಿಯಾ ನನ್ನದೇ, ಯಾರ ಹತ್ತಿರ ಹೇಳಿಕೊಳ್ಳಲಿ?